ಹೊಸತೊಡಕಿನಲ್ಲಿ ಮಿಕ್ಕ ಬಾಡು, ಮಾರನೇ ಬೆಳಗಿನ ತಿಂಡಿ

ಪ್ರಶ್ನೆ: ನಮ್ಮದು ಮಂಡ್ಯ. ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ ಗುಡ್ಡೆ ಬಾಡಿನಲ್ಲಿ ಎರಡು ಪಾಲು ಹಿಡಿದಿದ್ದೆವು. ಬರಬೇಕಿದ್ದ ನೆಂಟರಲ್ಲಿ ಅರ್ಧ ಜನ ಬರಲಿಲ್ಲ. ಮಧ್ಯಾಹ್ನ ಒಂದೂವರೆಗೆ ಎಲ್ಲರೂ ಉಂಡ ಮೇಲೂ ಒಂದೂವರೆ ಕೆಜಿಯಷ್ಟು ತುಂಡು ಸಾರಿನಲ್ಲೇ ಉಳಿಯಿತು. ಪಾತ್ರೆ ಪೂರ್ತಿ ಆರಲಿ ಅಂತ ಕಾದು ರಾತ್ರಿ ಹತ್ತಕ್ಕೆ ಪಾತ್ರೆ ಸಮೇತ ಫ್ರಿಜ್ಜಿಗೆ ಇಟ್ಟೆ. ಅಮೆರಿಕದಿಂದ ಹಬ್ಬಕ್ಕೆ ಬಂದಿರುವ ಮಗಳು, ಅಲ್ಲಿ ಮಿಕ್ಕ ಮಾಂಸಕ್ಕೆ ಆಲೂಗಡ್ಡೆ, ಈರುಳ್ಳಿ ಹಾಕಿ ಗರಿಗರಿಯಾಗಿ ಹುರಿದು, ಮೇಲೆ ಮೊಟ್ಟೆ ಒಡೆದು ಬೆಳಗಿನ ತಿಂಡಿಗೆ ಕೊಡುತ್ತಾರೆ, ಅದಕ್ಕೆ ಹ್ಯಾಶ್ ಅಂತಾರೆ ಎಂದಳು. ಅದನ್ನೇ ಮಾಡಿದೆ. ಆಲೂಗಡ್ಡೆ ಮುದ್ದೆಯಾಯಿತು, ತುಂಡು ರಬ್ಬರ್ ಆಯಿತು, ಏನೋ ಹಳೇ ಎಣ್ಣೆಯಂಥ ವಾಸನೆ ಬೇರೆ. ಮಗಳು ಅರ್ಧ ತಿಂದು ತಟ್ಟೆ ಸರಿಸಿದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಮನೆಯಲ್ಲಿ ಜಗಳ ಶುರುವಾಗಿದೆ. ತಂಗಳು ಬಾಡನ್ನು ಬಿಸಿ ಮಾಡಿದರೆ ವಿಷ ಅಂತಾರೆ ಯಜಮಾನರು. ಫ್ರಿಜ್ಜೇ ಇಲ್ಲದ ಕಾಲದಲ್ಲಿ ಮೂರು ದಿನ ಕುದಿಸಿ ಕುದಿಸಿ ಉಂಡಿದ್ದೇವೆ, ಯಾರು ಸತ್ತರು ಅಂತಾರೆ ಎಂಬತ್ತರ ನಮ್ಮತ್ತೆ. ಮಗಳು ಐದು ತಿಂಗಳ ಬಸುರಿ. ಮುಂದಿನ ತಿಂಗಳು ಮನೆಯಲ್ಲಿ ಬೀಗರ ಊಟವಿದೆ, ಆಗಲೂ ಮಿಗುವುದು ಗ್ಯಾರಂಟಿ. ಈ ಹ್ಯಾಶ್ ನಮ್ಮ ಅಡುಗೆಮನೆಗೆ ಆಗಿಬರುವ ತಿಂಡಿಯೇ? ತಿನ್ನಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ರುಚಿಯದ್ದು, ಒಂದು ಭಯದ್ದು. ರುಚಿಯದ್ದಕ್ಕೆ ಆಮೇಲೆ ಬರುತ್ತೇನೆ. ಭಯಕ್ಕೆ ಕಾರಣ ಬೆಳಿಗ್ಗೆಯ ಬಾಣಲೆಯಲ್ಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಹತ್ತರವರೆಗೆ ಆ ಪಾತ್ರೆ ಒಲೆಯ ಪಕ್ಕ ಕೂತಿತ್ತಲ್ಲ, ಆ ಎಂಟೂವರೆ ಗಂಟೆಯಲ್ಲಿದೆ.

ಮೊದಲು ಯಜಮಾನರ ಮಾತು. ಬೇಯಿಸಿದ ಮಾಂಸವನ್ನು ಇನ್ನೊಮ್ಮೆ ಬಿಸಿ ಮಾಡಿದ ಮಾತ್ರಕ್ಕೆ ಅದು ವಿಷ ಆಗುವುದಿಲ್ಲ. ಬಿಸಿಯಲ್ಲಿ ಹೊಸದಾಗಿ ಯಾವ ವಿಷವೂ ಹುಟ್ಟುವುದಿಲ್ಲ. ಹಾಗಾಗುವುದಾದರೆ ಪ್ರಪಂಚದ ಅರ್ಧ ಹೋಟೆಲುಗಳು ಮುಚ್ಚಬೇಕಿತ್ತು. ತೊಂದರೆ ಇರುವುದು ಎರಡು ಬಿಸಿಗಳ ನಡುವಿನ ಹೊತ್ತಿನಲ್ಲಿ.

ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಎರಡು ಮಾತುಗಳಿವೆ, ಗಮನಿಸಿ. ತಂಗಳು ಅಂದರೆ ರಾತ್ರಿ ಕಳೆದದ್ದು. ಹಳಸಿದ್ದು ಅಂದರೆ ಕೆಟ್ಟದ್ದು. ತಂಗಳೆಲ್ಲ ಹಳಸಿರುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಆದರೆ ಮೂರನೆಯದು ಒಂದಿದೆ, ಅದಕ್ಕೆ ನಮ್ಮಲ್ಲಿ ಹೆಸರಿಲ್ಲ. ಮೂಸಿದರೆ ವಾಸನೆ ಇಲ್ಲ, ನೊರೆ ಇಲ್ಲ, ಲೋಳೆ ಇಲ್ಲ, ರುಚಿಯೂ ಸರಿಯಿದೆ, ಆದರೂ ಹೊಟ್ಟೆ ಕೆಡಿಸುತ್ತದೆ. ಆಹಾರವನ್ನು ಹಳಸಿಸುವ ಸೂಕ್ಷ್ಮಜೀವಿಗಳು ಬೇರೆ, ಕಾಯಿಲೆ ತರುವವು ಬೇರೆ. ಎರಡನೆಯವು ಸಾಮಾನ್ಯವಾಗಿ ವಾಸನೆ ಕೊಡುವುದಿಲ್ಲ. ಹಾಗಾಗಿ ಮೂಸಿ ನೋಡಿ ಹಾಕಿದೆ ಅನ್ನುವುದು ಅರ್ಧ ಪರೀಕ್ಷೆ ಮಾತ್ರ. ವಾಸನೆ ಬಂದರೆ ಚೆಲ್ಲಿ, ಸರಿ. ಬರಲಿಲ್ಲ ಅಂತ ನಂಬಬೇಡಿ.

ಮಾಂಸದ ಸಾರಿನಲ್ಲಿ ಮುಖ್ಯ ಕಳ್ಳನ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಹೆಸರು ನೆನಪಿಡಬೇಕಿಲ್ಲ, ನಡತೆ ನೆನಪಿಡಿ. ಇದು ಗಟ್ಟಿ ಬೀಜದಂಥ ರೂಪದಲ್ಲಿ ಮಾಂಸದಲ್ಲಿ, ಮಸಾಲೆಯಲ್ಲಿ, ಮಣ್ಣಿನಲ್ಲಿ ಇರುತ್ತದೆ. ಕುದಿಸಿದರೂ ಆ ಬೀಜ ಸಾಯುವುದಿಲ್ಲ. ಸಾರು ನಿಧಾನವಾಗಿ ಆರುತ್ತಾ ಉಗುರುಬೆಚ್ಚಗಿನ ಹಂತಕ್ಕೆ ಬಂದಾಗ ಅದು ಮೊಳೆಯುತ್ತದೆ. 43ರಿಂದ 47 ಡಿಗ್ರಿಯಲ್ಲಿ ಇದಕ್ಕೆ ಹಬ್ಬ. ಅನುಕೂಲ ಕೂಡಿಬಂದರೆ ಹತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಲೆಕ್ಕ ಹಾಕಿ: ಒಂದು ಇದ್ದದ್ದು ಎರಡು ಗಂಟೆಯಲ್ಲಿ 4,096 ಆಗಬಹುದು. ಗಾಳಿ ಬೇಕಿಲ್ಲ ಅದಕ್ಕೆ. ತುಂಬಿದ ಪಾತ್ರೆಯ ನಡುಭಾಗ, ಮೇಲೆ ಕೊಬ್ಬಿನ ಪದರ, ಅದರ ಮೇಲೆ ಮುಚ್ಚಳ. ಇದಕ್ಕಿಂತ ಒಳ್ಳೆಯ ತವರುಮನೆ ಅದಕ್ಕೆ ಸಿಗುವುದಿಲ್ಲ. ಅಂಥ ಆಹಾರ ತಿಂದ ಆರರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಹೊಟ್ಟೆ ನುಲಿದು ಭೇದಿ ಶುರುವಾಗುತ್ತದೆ. ಹೆಚ್ಚಿನವರಿಗೆ ಒಂದು ದಿನದಲ್ಲಿ ಸರಿಹೋಗುತ್ತದೆ. ವಯಸ್ಸಾದವರು, ಪುಟ್ಟ ಮಕ್ಕಳು ಸುಸ್ತಾಗುತ್ತಾರೆ.

ಹಲವು ವರ್ಷದ ಹಿಂದೆ ಒಂದು ಬೀಗರ ಊಟದ ಅಡುಗೆ ಮೇಲ್ವಿಚಾರಣೆಗೆ ಹೋಗಿದ್ದೆ. ಆಗಿನ್ನೂ ಹೋಟೆಲ್ ಕೆಲಸದಲ್ಲಿದ್ದೆ, ಆಹಾರ ಸುರಕ್ಷತೆ ಪಾಠ ಹೇಳುವ ಕೆಲಸ ಆಮೇಲೆ ಬಂತು. ಊಟ ಮುಗಿದ ಮೇಲೆ ಕೊಪ್ಪರಿಗೆಯಲ್ಲಿ ಕಾಲುಭಾಗ ಸಾರು ಉಳಿದಿತ್ತು. ಬೆಳಿಗ್ಗೆ ಇಡ್ಲಿಗೆ ಆಗುತ್ತದೆ ಅಂತ ಮುಚ್ಚಿಟ್ಟರು. ನಾನೂ ಸುಮ್ನೆ ತಲೆಯಾಡಿಸಿದೆ, ಅದು ನನ್ನ ತಪ್ಪೇ. ಬೆಳಿಗ್ಗೆ ಐದಕ್ಕೆ ಸೌಟು ಇಳಿಸಿ ನೋಡಿದರೆ ಕೊಪ್ಪರಿಗೆಯ ನಡುವೆ ಸಾರು ಇನ್ನೂ ಬೆಚ್ಚಗೇ ಇತ್ತು! ಪರವಾಗಿಲ್ಲ, ಕೆಟ್ಟಿಲ್ಲ ಅಂತ ಎಲ್ಲರಿಗೂ ಖುಷಿ. ಅರೆಬರೆ ಬಿಸಿ ಮಾಡಿ ಬಡಿಸಿದರು. ಸಂಜೆ ಹೊತ್ತಿಗೆ ಮದುವೆಮನೆಯ ಬಚ್ಚಲುಮನೆ ಮುಂದೆ ಸಾಲು ನಿಂತಿತ್ತು. ಬೆಚ್ಚಗಿದೆ ಅನ್ನುವುದೇ ಅಲ್ಲಿ ಅಪಾಯದ ಗುರುತಾಗಿತ್ತು, ನಾವು ಅದನ್ನು ಒಳ್ಳೆಯ ಗುರುತು ಅಂದುಕೊಂಡೆವು.

ಈಗ ನಿಮ್ಮತ್ತೆಯವರ ಮಾತು. ಅವರನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಅವರ ಅಭ್ಯಾಸದಲ್ಲಿ ಅರ್ಧ ವಿಜ್ಞಾನವಿದೆ. ಈ ಜೀವಿಯ ಬೀಜ ಕುದಿಗೆ ಸಾಯದಿದ್ದರೂ, ಮೊಳೆತು ಬೆಳೆದದ್ದು ಸಾಯುತ್ತದೆ. ಅದು ವಿಷ ಉಂಟುಮಾಡುವುದು ನಮ್ಮ ಕರುಳಿಗೆ ಇಳಿದ ಮೇಲೆ. ಹಾಗಾಗಿ ಉಣ್ಣುವ ಮುಂಚೆ ಚೆನ್ನಾಗಿ ಕೊತಕೊತ ಕುದಿಸಿದರೆ ಅಪಾಯ ಬಹಳ ಇಳಿಯುತ್ತದೆ. ಹಿಂದಿನವರು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಕುದಿಸುತ್ತಿದ್ದರು. ಸಾರಿಗೆ ಕಾರ, ಹುಳಿ ಜಾಸ್ತಿ ಇರುತ್ತಿತ್ತು. ಪಾತ್ರೆಯೂ ಚಿಕ್ಕದು, ಮಿಗುವುದೂ ಕಡಿಮೆ. ಅದಕ್ಕೇ ನಡೆದುಹೋಯಿತು. ನಡೆಯದ ದಿನವೂ ಇತ್ತು. ಆಗ ಅದನ್ನು ದೃಷ್ಟಿ ಅಂದರು, ಉಷ್ಣ ಅಂದರು, ಬಾಡನ್ನು ಯಾರೂ ದೂರಲಿಲ್ಲ, ಅಷ್ಟೇ.

ಆದರೆ ಅತ್ತೆಯವರ ಲೆಕ್ಕ ಸಾರಿಗೆ ಹೊಂದುತ್ತದೆ, ಹ್ಯಾಶಿಗೆ ಹೊಂದುವುದಿಲ್ಲ. ಹ್ಯಾಶಿಗೆ ಮಾಂಸವನ್ನು ಕೈಯಿಂದ ಮೂಳೆ ಬಿಡಿಸಿ, ಚೂರು ಮಾಡಿ ಹಾಕಬೇಕು. ನಮ್ಮ ಚರ್ಮ, ಮೂಗು, ಬೆರಳ ಗಾಯ ಇಲ್ಲೆಲ್ಲ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಇನ್ನೊಬ್ಬ ಇರುತ್ತಾನೆ. ಇವನು ಮಾಂಸದಲ್ಲೇ ವಿಷ ಮಾಡುತ್ತಾನೆ, ಆ ವಿಷ ಕುದಿಸಿದರೂ ಹೋಗುವುದಿಲ್ಲ. ಸಂಜೆಯೇ ಮೂಳೆ ಬಿಡಿಸಿ, ತಟ್ಟೆಯಲ್ಲಿ ಹರಡಿ, ಎರಡು ಮೂರು ಗಂಟೆ ಹೊರಗೆ ಬಿಟ್ಟು, ಬೆಳಿಗ್ಗೆ ಎಷ್ಟೇ ಹುರಿದರೂ ಪ್ರಯೋಜನವಿಲ್ಲ. ವಾಂತಿ ಒಂದೆರಡು ಗಂಟೆಯಲ್ಲೇ ಬರಬಹುದು.

ಹಾಗಾದರೆ ಏನು ಮಾಡಬೇಕಿತ್ತು? ಊಟ ಮುಗಿದ ಕೂಡಲೇ ಮಿಕ್ಕಿದ್ದನ್ನು ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಂಚಬೇಕಿತ್ತು. ಎರಡು ಅಂಗುಲಕ್ಕಿಂತ ಎತ್ತರ ಸಾರು ಇರಬಾರದು. ಮುಚ್ಚಳ ಓರೆ ಇಟ್ಟು, ಹಬೆ ನಿಂತ ತಕ್ಷಣ ಫ್ರಿಜ್ಜಿಗೆ. ಬಿಸಿ ಪದಾರ್ಥ ಇಟ್ಟರೆ ಫ್ರಿಜ್ ಕೆಡುತ್ತದೆ ಅನ್ನುವುದು ಹಳೇ ಭಯ. ಕುದಿಯುವ ದೊಡ್ಡ ಪಾತ್ರೆ ಇಟ್ಟರೆ ಪಕ್ಕದ ಹಾಲು ಮೊಸರು ಬಿಸಿಯಾಗುತ್ತವೆ, ಅದು ನಿಜ. ಬೆಚ್ಚಗಿನ ಚಿಕ್ಕ ಡಬ್ಬಿಗಳಿಂದ ಏನೂ ಆಗುವುದಿಲ್ಲ. ಇನ್ನೂ ಬೇಗ ಆರಬೇಕೆಂದರೆ ದೊಡ್ಡ ಬೋಗುಣಿಗೆ ತಣ್ಣೀರು, ಐಸ್ ಹಾಕಿ ಅದರೊಳಗೆ ಪಾತ್ರೆ ಇಟ್ಟು ಸೌಟಿನಿಂದ ತಿರುವಿ. ಹತ್ತು ಹದಿನೈದು ನಿಮಿಷದಲ್ಲಿ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬೇಡ ಅನ್ನುವುದು ಸಾಮಾನ್ಯ ನಿಯಮ. ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಯುಗಾದಿ ಹೊತ್ತಿನ ಮಂಡ್ಯದ ಮಧ್ಯಾಹ್ನ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕೇ? ಹೋಟೆಲುಗಳಲ್ಲಿ ನಾವು ಇಟ್ಟುಕೊಂಡ ಲೆಕ್ಕ, 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಸು, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ. ನಿಮ್ಮ ಪಾತ್ರೆ ಇಡೀ ಮಧ್ಯಾಹ್ನ, ಸಂಜೆ ಈ ನಡುವಿನ ಬಿಸಿಯಲ್ಲೇ ಇತ್ತು. ಯಾರಿಗೂ ಏನೂ ಆಗಲಿಲ್ಲ ಅಂದಿರಿ. ಸಂತೋಷ. ಅದು ಅದೃಷ್ಟ, ಪದ್ಧತಿ ಅಲ್ಲ. ನನ್ನನ್ನು ಮೊದಲೇ ಕೇಳಿದ್ದರೆ ಚೆಲ್ಲಿ ಅನ್ನುತ್ತಿದ್ದೆ. ಕೆಜಿಗೆ ಅಷ್ಟು ದುಡ್ಡು ಕೊಟ್ಟ ಬಾಡು ಚೆಲ್ಲಲು ಕೈ ಬರುವುದಿಲ್ಲ, ಗೊತ್ತು. ಅದಕ್ಕೇ ಮಧ್ಯಾಹ್ನವೇ ಎಚ್ಚರ ಬೇಕು.

ಮಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಬಸುರಿಯರಿಗೆ ಲಿಸ್ಟೀರಿಯಾ ಎಂಬ ಇನ್ನೊಂದು ಸೂಕ್ಷ್ಮಜೀವಿಯ ಭಯವಿದೆ. ಇದು ಫ್ರಿಜ್ಜಿನ ತಣ್ಣಗಿನಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ತಾಯಿಗೆ ಸಣ್ಣ ಜ್ವರದಂತೆ ಬಂದು ಹೋದರೂ ಮಗುವಿಗೆ ದೊಡ್ಡ ತೊಂದರೆ ಕೊಡಬಲ್ಲದು. ಅಪರೂಪದ್ದು, ಹೆದರಿ ಕೂರಬೇಕಿಲ್ಲ. ಆದರೆ ಅವಳಿಗೆ ಮಿಕ್ಕ ಮಾಂಸ ಕೊಡುವುದಾದರೆ ಮಾರನೇ ದಿನವೇ ಕೊಡಿ, ಒಳಗಿನವರೆಗೆ ಹಬೆಯಾಡುವಷ್ಟು ಬಿಸಿ ಮಾಡಿ ಕೊಡಿ. ಮೊಟ್ಟೆಯ ಹಳದಿಯೂ ಗಟ್ಟಿಯಾಗಿರಲಿ. ಈ ಬಾರಿ ಅರ್ಧ ತಟ್ಟೆ ತಿಂದಿದ್ದಾಳೆ. ಮುಂದಿನ ಕೆಲವು ವಾರದಲ್ಲಿ ಜ್ವರ, ಮೈಕೈ ನೋವು ಕಾಣಿಸಿದರೆ ಡಾಕ್ಟರಿಗೆ ಈ ಊಟದ ವಿಷಯವನ್ನೂ ಹೇಳಲಿ. ಹಾಗೇ ಹಬ್ಬದ ಬಾಡಿನಲ್ಲಿ ಲಿವರ್ ಇದ್ದೇ ಇರುತ್ತದೆ, ಅಲ್ವಾ? ಅದರಲ್ಲಿ ವಿಟಮಿನ್ ಎ ವಿಪರೀತ. ಬಸುರಿಯರು ಬಿಡುವುದೇ ವಾಸಿ, ಬಿಸಿಯಾಗಿದ್ದರೂ ಅಷ್ಟೆ, ತಂಗಳಾದರೂ ಅಷ್ಟೆ.

ಇನ್ನು ರುಚಿಗೆ ಬರೋಣ. ಬರೆಯಲು ನನಗೆ ಹೆಚ್ಚು ಇಷ್ಟವಾದ ಭಾಗ ಇದೇ.

ಹ್ಯಾಶ್ ಅಂದರೆ ಕೊಚ್ಚಿದ್ದು. ಕೊಚ್ಚು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರು. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಅಗ್ಗದ ಊಟದ ಮನೆಗಳಿಗೆ ಹ್ಯಾಶ್ ಹೌಸ್ ಅಂತಲೇ ಹೆಸರಿತ್ತು. ಮಿಕ್ಕಿದ್ದನ್ನು ಕೊಚ್ಚಿ ಹುರಿದು ಹೊಟ್ಟೆ ತುಂಬಿಸುವ ಜಾಗ. ಇವತ್ತೂ ಅಲ್ಲಿ ಡೈನರ್ ಎಂಬ ಸಾದಾ ಹೋಟೆಲುಗಳಲ್ಲಿ ಬೆಳಗಿನ ತಿಂಡಿಗೆ ಹೆಚ್ಚು ಸಿಗುವುದು ಕಾರ್ನ್ಡ್ ಬೀಫ್ ಹ್ಯಾಶ್. ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆಸಿ ಬೇಯಿಸಿದ ದನದ ಮಾಂಸ ಅದು. ನಿಮ್ಮ ಮಗಳ ನಾಲಗೆಯಲ್ಲಿರುವುದು ಬಹುಶಃ ಆ ರುಚಿ. ನಿಮ್ಮ ಬಾಣಲೆಯಲ್ಲಿ ಬಂದ ಹಳೇ ಎಣ್ಣೆ ವಾಸನೆಗೂ ಅಲ್ಲಿ ಅದು ಬಾರದಿರುವುದಕ್ಕೂ ಕಾರಣ ಇಲ್ಲೇ ಇದೆ.

ಬೆಂದ ಮಾಂಸ ಒಂದು ರಾತ್ರಿ ಕಳೆದರೆ ಒಂದು ಬಗೆಯ ಕಮಟು ವಾಸನೆ ಬರುತ್ತದೆ. 1958ರಲ್ಲೇ ಆಹಾರ ವಿಜ್ಞಾನಿಗಳು ಅದಕ್ಕೊಂದು ಹೆಸರಿಟ್ಟರು, ಕನ್ನಡದಲ್ಲಿ ಮರುಬಿಸಿ ವಾಸನೆ ಅನ್ನೋಣ. ಮಾಂಸ ಬೇಯುವಾಗ ಅದರ ಕೆಂಪು ಬಣ್ಣದಲ್ಲಿರುವ ಕಬ್ಬಿಣ ಬಿಡುಗಡೆಯಾಗುತ್ತದೆ. ಆ ಕಬ್ಬಿಣ, ಗಾಳಿ, ಮಾಂಸದ ಕಣಗಳ ಪೊರೆಯಲ್ಲಿರುವ ಕೊಬ್ಬು, ಈ ಮೂರು ಸೇರಿದರೆ ಕೊಬ್ಬು ಕಮಟುತ್ತದೆ. ಕೊಬ್ಬರಿ ಕಮಟುವ ಹಾಗೇ, ಆದರೆ ತಿಂಗಳಲ್ಲಿ ಅಲ್ಲ, ಒಂದೆರಡು ದಿನದಲ್ಲೇ. ಇದರಿಂದ ಕಾಯಿಲೆ ಬರುವುದಿಲ್ಲ, ಬಾಯಿಗೆ ಮಾತ್ರ ಬೇಜಾರು. ಕಾರ್ನ್ಡ್ ಬೀಫ್ ಹದಮಾಡುವಾಗ ಉಪ್ಪಿನ ಜೊತೆ ನೈಟ್ರೈಟ್ ಹಾಕುತ್ತಾರೆ. ಅದು ಈ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಹಾಗಾಗಿ ಮಾರನೇ ದಿನವೂ ಕಮಟುವುದಿಲ್ಲ. ನಾವು ಮನೆಯಲ್ಲಿ ನೈಟ್ರೈಟ್ ಮುಟ್ಟುವುದು ಬೇಡ. ಅಳತೆ ತಪ್ಪಿದರೆ ಅದೇ ವಿಷ.

ನಮ್ಮ ಹತ್ತಿರ ಬೇರೆ ಉಪಾಯವಿದೆ, ಸಾರು. ತುಂಡುಗಳು ಸಾರಿನಲ್ಲಿ ಮುಳುಗಿದ್ದರೆ ಗಾಳಿ ತಾಗುವುದಿಲ್ಲ. ಲವಂಗ, ಚಕ್ಕೆ, ಶುಂಠಿ, ಬೆಳ್ಳುಳ್ಳಿಗೂ ಕಮಟು ತಡೆಯುವ ಗುಣವಿದೆ. ಆದ್ದರಿಂದ ರಾತ್ರಿಯೇ ಬಿಡಿಸಿ ಚೂರು ಮಾಡಿ ಇಡಬೇಡಿ, ಚೂರಾದಷ್ಟೂ ಗಾಳಿ ತಾಗುವ ಜಾಗ ಜಾಸ್ತಿ. ಮೂಳೆ ಸಮೇತ ಸಾರಿನಲ್ಲೇ ಮುಳುಗಿಸಿ ಇಡಿ, ಬೆಳಿಗ್ಗೆ ಬಿಡಿಸಿ ನೇರ ಬಾಣಲೆಗೆ ಹಾಕಿ. ಆಗ ಮೇಲೆ ಹೇಳಿದ ಬೆರಳ ಕಳ್ಳನಿಗೂ ಬೆಳೆಯಲು ಹೊತ್ತು ಸಿಗುವುದಿಲ್ಲ. ಇನ್ನೊಂದು ಲಾಭ, ತಣ್ಣಗಿನ ಮಾಂಸ ಚಾಕುವಿಗೆ ಚೆನ್ನಾಗಿ ಸಿಗುತ್ತದೆ. ಬಿಸಿಯಿದ್ದಾಗ ನಾರುನಾರಾಗಿ ಕಿತ್ತು ಬರುವ ತುಂಡು ತಣ್ಣಗಾದ ಮೇಲೆ ಅಂದವಾಗಿ ಕತ್ತರಿಸುತ್ತದೆ.

ರಬ್ಬರ್ ಆಗಿದ್ದು ಯಾಕೆ? ಒಮ್ಮೆ ಬೆಂದ ಮಾಂಸದಲ್ಲಿ ನೀರು ಈಗಾಗಲೇ ಅರ್ಧ ಹೋಗಿರುತ್ತದೆ. ಹಸಿ ಆಲೂಗಡ್ಡೆ ಬೇಯಲಿ ಅಂತ ಇಪ್ಪತ್ತು ನಿಮಿಷ ಒಟ್ಟಿಗೇ ಹುರಿದರೆ ಉಳಿದ ನೀರೂ ಹೋಗುತ್ತದೆ. ನಿಮ್ಮ ಆಲೂಗಡ್ಡೆ ಮುದ್ದೆಯಾಗಿದ್ದು ಕೂಡ ಅದೇ ತಪ್ಪಿನ ಇನ್ನೊಂದು ಮುಖ. ಸಾರು ಅಂಟಿದ ತುಂಡು, ಈರುಳ್ಳಿ, ಹಸಿ ಆಲೂಗಡ್ಡೆ ಎಲ್ಲವನ್ನೂ ಒಂದೇ ಸಲ ಹಾಕಿ ಮುಚ್ಚಿದ್ದೀರಿ ಅಂತ ನನ್ನ ಊಹೆ. ಒಳಗೆ ಹಬೆ ತುಂಬಿತು. ನೀರಿರುವವರೆಗೆ ಬಾಣಲೆ 100 ಡಿಗ್ರಿ ದಾಟುವುದಿಲ್ಲ. ಗರಿಯಾಗಿ ಕೆಂಪಾಗಬೇಕೆಂದರೆ 140ರ ಮೇಲೆ ಹೋಗಬೇಕು. ನೀವು ಹುರಿಯಲಿಲ್ಲ, ಬೇಯಿಸಿದಿರಿ.

ನಾನು ಮಾಡುವ ಕ್ರಮ ಹೀಗೆ. ನಾಲ್ಕು ಜನಕ್ಕೆ ಅರ್ಧ ಕೆಜಿ ಆಲೂಗಡ್ಡೆ, ಮೂಳೆ ಬಿಡಿಸಿದ ಮೇಲೆ 300 ಗ್ರಾಂ ಮಾಂಸ, ಎರಡು ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಬೇಕಿದ್ದರೆ ಅರ್ಧ ದಪ್ಪಮೆಣಸಿನಕಾಯಿ, ನಾಲ್ಕು ಮೊಟ್ಟೆ. ಆಲೂಗಡ್ಡೆ ಗಟ್ಟಿಯಾದ ಹಳೆಯದಿರಲಿ. ಹಾಸನದ ಕಡೆ ಬೆಳೆಯುವ ಕುಫ್ರಿ ಜ್ಯೋತಿ ನಡೆಯುತ್ತದೆ. ಸಿಪ್ಪೆ ಉಗುರಿಗೆ ಸುಲಿಯುವಂಥ ಹೊಸ ಆಲೂಗಡ್ಡೆಯಲ್ಲಿ ನೀರು ಜಾಸ್ತಿ, ಗರಿಯಾಗುವುದು ತಡ. ಹಸಿ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ತಣ್ಣಗಿನಲ್ಲಿ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಹುರಿದಾಗ ಒಳಗೆ ಬೇಯುವ ಮುಂಚೆ ಹೊರಗೆ ಕಪ್ಪಾಗುತ್ತದೆ.

ರಾತ್ರಿಯೇ ಆಲೂಗಡ್ಡೆಯನ್ನು ಅರ್ಧ ಅಂಗುಲದ ಚೌಕಗಳಾಗಿ ಹೆಚ್ಚಿ. ಉಪ್ಪು ಹಾಕಿದ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಆರೇಳು ನಿಮಿಷ ಬೇಯಿಸಿ. ಚಾಕು ತೂರಬೇಕು, ಚೌಕ ಒಡೆಯಬಾರದು. ನಿಂಬೆಹಣ್ಣು ಯಾಕೆ ಅಂದರೆ ಹುಳಿ ಇದ್ದರೆ ಆಲೂಗಡ್ಡೆಯ ಗೋಡೆಗಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹುಣಿಸೆಹುಳಿ ಹಾಕಿದ ಮೇಲೆ ತರಕಾರಿ ಬೇಯುವುದೇ ಇಲ್ಲ ಅಂತ ಬೈಯುತ್ತೀವಲ್ಲ, ಆ ದೋಷವನ್ನೇ ಇಲ್ಲಿ ಗುಣವಾಗಿ ಬಳಸುವುದು. ನೀರು ಬಸಿದು ಬಟ್ಟೆಯ ಮೇಲೆ ಹರಡಿ, ಆರಿದ ಮೇಲೆ ತಟ್ಟೆಯಲ್ಲಿ ಫ್ರಿಜ್ಜಿಗೆ. ಬೆಂದು ತಣ್ಣಗಾದ ಪಿಷ್ಟ ಬಿಗಿಯಾಗುತ್ತದೆ, ಮೇಲ್ಮೈ ಒಣಗುತ್ತದೆ. ಬೆಳಿಗ್ಗೆ ಅದು ಗರಿಯಾಗುವಷ್ಟು ಚೆನ್ನಾಗಿ ಆಗಷ್ಟೇ ಬೇಯಿಸಿದ್ದು ಆಗುವುದಿಲ್ಲ.

ಬೆಳಿಗ್ಗೆ ಫ್ರಿಜ್ಜಿನ ಡಬ್ಬಿ ತೆಗೆದರೆ ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿರುತ್ತದೆ. ಬಂಡೂರು ಕುರಿಯಾದರೆ ಕೇಳುವುದೇ ಬೇಡ. ಅದನ್ನು ಚಮಚದಲ್ಲಿ ಕೆರೆದು ತೆಗೆಯಿರಿ. ಎರಡು ಚಮಚ ಹುರಿಯಲು ಸಾಕು, ಬೇರೆ ಎಣ್ಣೆ ಒಂದು ಚಮಚ ಸೇರಿಸಿ. ತುಂಡುಗಳನ್ನು ಎತ್ತಿ, ಅಂಟಿದ ಜೆಲ್ಲಿ, ಮಸಾಲೆ ಒರೆಸಿ. ತೆಂಗಿನಕಾಯಿ, ದನಿಯಪುಡಿ ಇರುವ ಮಸಾಲೆ ಬಿಸಿ ಬಾಣಲೆಗೆ ತಾಗಿದರೆ ಸೀದು ಕಹಿಯಾಗುತ್ತದೆ. ಮೂಳೆ ಬಿಡಿಸಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಿ. ಉಳಿದ ಸಾರಿನಲ್ಲಿ ಎರಡು ಸೌಟು ಬೇರೆ ಒಲೆಯಲ್ಲಿ ಗಟ್ಟಿಯಾಗುವವರೆಗೆ ಕುದಿಸಿ ಇಟ್ಟುಕೊಳ್ಳಿ.

ನಾನ್‌ಸ್ಟಿಕ್ ಬಿಡಿ. ದೋಸೆ ಹುಯ್ಯುವ ಕಬ್ಬಿಣದ ಕಾವಲಿ ಅಥವಾ ಅಗಲ ತಳದ ಕಬ್ಬಿಣದ ಬಾಣಲೆ ತೆಗೆದುಕೊಳ್ಳಿ. ಚೆನ್ನಾಗಿ ಕಾದ ಮೇಲೆ ಕೊಬ್ಬು, ಆಮೇಲೆ ಆಲೂಗಡ್ಡೆ, ಒಂದೇ ಪದರವಾಗಿ. ಮುಟ್ಟಬೇಡಿ. ನಾಲ್ಕೈದು ನಿಮಿಷ ಕೈ ಕಟ್ಟಿ ನಿಲ್ಲಿ. ಇದೇ ಎಲ್ಲರಿಗೂ ಕಷ್ಟ, ನಮಗೆ ಪಲ್ಯ ತಿರುವಿ ತಿರುವಿ ಅಭ್ಯಾಸ. ತಳ ಕೆಂಪಾದ ಮೇಲೆ ಸಟ್ಟುಗದಿಂದ ಮಗುಚಿ, ಈರುಳ್ಳಿ, ಮೆಣಸಿನಕಾಯಿ ಹಾಕಿ. ಈರುಳ್ಳಿ ಬಾಡಿದ ಮೇಲೆ ಮಾಂಸ ಹಾಕಿ. ಸಟ್ಟುಗದಿಂದ ಒತ್ತಿ ಮೂರು ನಾಲ್ಕು ನಿಮಿಷ ಬಿಡಿ, ಒಮ್ಮೆ ಮಗುಚಿ, ಮತ್ತೆ ಒತ್ತಿ. ಗಟ್ಟಿಯಾದ ಸಾರನ್ನು ಮೇಲೆ ಎರೆಯಿರಿ, ಚುರ್ ಅಂದು ಹೀರಿಕೊಳ್ಳುತ್ತದೆ. ಕಾಳುಮೆಣಸು ಕುಟ್ಟಿ ಹಾಕಿ. ಉಪ್ಪು ರುಚಿ ನೋಡಿದ ಮೇಲೆ ಮಾತ್ರ, ಮಾಂಸಕ್ಕೂ ಆಲೂಗಡ್ಡೆಗೂ ಆಗಲೇ ಉಪ್ಪು ಹಿಡಿದಿದೆ. ಸೌಟಿನ ಹಿಂಬದಿಯಲ್ಲಿ ನಾಲ್ಕು ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ, ಉರಿ ಇಳಿಸಿ ಮುಚ್ಚಿ. ಮುಚ್ಚಳಕ್ಕೆ ಇಲ್ಲಿ ಮಾತ್ರ ಕೆಲಸ.

ಮಾಂಸ ಸಾಕಷ್ಟು ಬಿಸಿಯಾಯಿತೇ ಅಂತ ಹೇಗೆ ತಿಳಿಯುವುದು? ನಡುವೆ 74 ಡಿಗ್ರಿ ಮುಟ್ಟಬೇಕು. ಅಡುಗೆ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮನೆಯಲ್ಲಿ ಬಸುರಿ, ವಯಸ್ಸಾದವರು ಇದ್ದಾಗ ಅದು ದಂಡವಲ್ಲ. ಇಲ್ಲದಿದ್ದರೆ ನಡುವಿನ ಚೂರು ಬಾಯಿಗಿಟ್ಟರೆ ಹಾ ಅನ್ನಿಸಬೇಕು. ಮೈಕ್ರೋವೇವಿನಲ್ಲಿ ಬಿಸಿ ಮಾಡಬಹುದು, ಪೌಷ್ಟಿಕಾಂಶ ಸತ್ತುಹೋಗುತ್ತದೆ ಅನ್ನುವುದು ಸುಳ್ಳು. ಆದರೆ ಒಂದು ಕಡೆ ಕುದಿ, ಒಂದು ಕಡೆ ತಣ್ಣಗೆ ಆಗುತ್ತದೆ, ಗರಿಯಂತೂ ಬರುವುದೇ ಇಲ್ಲ.

ಯಾವ ತುಂಡು ಒಳ್ಳೆಯದು? ತೊಡೆಯದ್ದು, ಸ್ವಲ್ಪ ಕೊಬ್ಬಿರುವುದು. ಚಾಪ್ಸ್, ಒಣ ಫ್ರೈ ಮಿಕ್ಕಿದ್ದರೆ ಸಾರಿನ ತುಂಡಿಗಿಂತ ವಾಸಿ. ಕುಕ್ಕರಿನಲ್ಲಿ ಹತ್ತು ಸೀಟಿ ಕೂಗಿ ಬೆಣ್ಣೆಯಾದದ್ದು ಹ್ಯಾಶಿಗೆ ಬೇಡ, ಇಡ್ಲಿಗೆ ಬಿಡಿ. ಬೋಟಿ, ತಲೆಮಾಂಸ, ರಕ್ತದ ಪಲ್ಯ ಅವತ್ತಿಗೇ ಮುಗಿಸಿ. ಕೋಳಿ ಮಿಕ್ಕರೂ ಹ್ಯಾಶ್ ಆಗುತ್ತದೆ, ಕಮಟು ಮಾತ್ರ ಕುರಿಗಿಂತ ಬೇಗ ಬರುತ್ತದೆ. ಕೊಡಗಿನ ಕಡೆಯವರು ಪಂದಿ ಕರಿ ಮಾರನೇ ದಿನವೇ ರುಚಿ ಅನ್ನುತ್ತಾರೆ. ಕಾಚಂಪುಳಿಯ ಹುಳಿ ಮಾಂಸಕ್ಕೆ ಇಳಿಯಲು ಹೊತ್ತು ಬೇಕಲ್ಲ. ಆ ಹುಳಿ ಸೂಕ್ಷ್ಮಜೀವಿಗಳಿಗೂ ಹಿಡಿಸುವುದಿಲ್ಲ. ಆದರೂ ಅದನ್ನು ರಾತ್ರಿಯೆಲ್ಲ ಹೊರಗಿಡಿ ಅಂತ ನಾನು ಹೇಳಲಾರೆ.

ಬೀಗರ ಊಟಕ್ಕೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಮಾರನೇ ಬೆಳಿಗ್ಗೆಯೇ ಹ್ಯಾಶ್ ಮಾಡುವುದಾದರೆ ಸಣ್ಣ ಡಬ್ಬಿಗಳಲ್ಲಿ ಫ್ರಿಜ್. ಪುಸ್ತಕದ ಲೆಕ್ಕದಲ್ಲಿ 4 ಡಿಗ್ರಿಯಲ್ಲಿ ಮೂರು ನಾಲ್ಕು ದಿನ ಇಡಬಹುದು. ಆದರೆ ಹಬ್ಬದ ಮನೆಯ ಫ್ರಿಜ್ ಬಾಗಿಲು ಎಷ್ಟು ಸಲ ತೆರೆಯುತ್ತದೆ, ಕರೆಂಟ್ ಎಷ್ಟು ಸಲ ಹೋಗುತ್ತದೆ, ನಿಮಗೇ ಗೊತ್ತು. ನಾನಾದರೆ ಎರಡು ದಿನ ಅನ್ನುತ್ತೇನೆ. ಬಾಗಿಲು ತೆರೆಯದೆ ಇದ್ದರೆ ಕರೆಂಟ್ ಹೋದರೂ ಸುಮಾರು ನಾಲ್ಕು ಗಂಟೆ ತಡೆಯುತ್ತದೆ. ಎರಡನೆಯದು ಫ್ರೀಜರ್. ಸಾರಿನಲ್ಲಿ ಮುಳುಗಿಸಿಯೇ ಇಡಿ, ಎರಡು ಮೂರು ತಿಂಗಳು ರುಚಿ ನಿಲ್ಲುತ್ತದೆ. ಕರಗಿಸುವುದು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ಅಡುಗೆಮನೆ ಕಟ್ಟೆಯ ಮೇಲಲ್ಲ. ಮೂರನೆಯದು, ಊಟ ಮುಗಿಯುತ್ತಿದ್ದಂತೆ ನೆಂಟರಿಗೆ ಬಿಸಿಬಿಸಿ ಹಂಚಿ ಕಳಿಸುವುದು. ಹತ್ತಿರದ ಊರಾದರೆ ಒಳ್ಳೆಯದು. ಬೆಂಗಳೂರಿಗೆ ಹೋಗುವವರ ಬಸ್ಸಿನಲ್ಲಿ ಮೂರು ನಾಲ್ಕು ಗಂಟೆ ಬೆಚ್ಚಗಿನ ಡಬ್ಬಿ ಅಂದರೆ ಮತ್ತದೇ ಕಥೆ, ಅವರಿಗೆ ಹೋಳಿಗೆ ಕೊಟ್ಟು ಕಳಿಸಿ.

ಅತ್ತೆಯವರಿಗೆ ಗರಿ ಕಡಿಯಲು ಕಷ್ಟವಾದರೆ ಅವರ ಪಾಲಿನ ಮಾಂಸವನ್ನು ಇನ್ನೂ ಸಣ್ಣಗೆ ಕೊಚ್ಚಿ, ಗಟ್ಟಿ ಸಾರು ಒಂದು ಚಮಚ ಜಾಸ್ತಿ ಹಾಕಿ. ಆ ಸಾರನ್ನು ಅವರ ಕೈಯಲ್ಲೇ ಕುದಿಸಿಸಿ, ಕುದಿಸುವುದು ಅವರಿಗೆ ಗೊತ್ತು.

ಇಷ್ಟಾದ ಮೇಲೂ ಹ್ಯಾಶ್ ಮಿಕ್ಕರೆ? ಅದನ್ನು ಮಧ್ಯಾಹ್ನಕ್ಕೆ, ಮಕ್ಕಳ ಡಬ್ಬಿಗೆ ಅಂತ ಎತ್ತಿಡಬೇಡಿ. ಎರಡು ಸಲ ಬೆಂದು, ಕೈ ತಾಗಿ, ಮೊಟ್ಟೆ ಬಿದ್ದ ಮಾಂಸ ಅದು. ಯಜಮಾನರ ತಟ್ಟೆಗೆ ಇನ್ನೊಂದು ಸಟ್ಟುಗ ಹಾಕಿ ಬಾಣಲೆ ಖಾಲಿ ಮಾಡಿ.